‘ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಒಂದೇ ದಿನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮಾಯ’: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ವಯಸ್ಸಾದ ಗಂಡಸರಿರುವ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಆಗಾಗ ಬರುತ್ತದೆ. ‘ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇನ್ನು ಆಪರೇಷನ್ ಬೇಡ. ಶಬ್ದದ ಅಲೆಯಿಂದ ಗಡ್ಡೆ ಸುಡುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ. ಎಲ್ಲರಿಗೂ ಕಳಿಸಿ.’ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇಂಥವು ಕನ್ನಡದಲ್ಲೂ ಬರುತ್ತವೆ, ತೆಲುಗಿನಲ್ಲೂ ಬರುತ್ತವೆ. ಕೆಲವದರ ಕೊನೆಯಲ್ಲಿ ಒಂದು ಫೋನ್ ನಂಬರ್ ಇರುತ್ತದೆ.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಅಂಥ ಚಿಕಿತ್ಸೆ ನಿಜವಾಗಿಯೂ ಇದೆ. ಅದಕ್ಕೆ ಫೋಕಲ್ ಥೆರಪಿ ಎನ್ನುತ್ತಾರೆ, ಅಂದರೆ ಇಡೀ ಗ್ರಂಥಿಯನ್ನು ಬಿಟ್ಟು ಗಡ್ಡೆ ಇರುವ ಜಾಗಕ್ಕಷ್ಟೇ ಮಾಡುವ ಚಿಕಿತ್ಸೆ. ಆದರೆ ಯಾರಿಗೆ ಅದು ಸರಿ, ಯಾರಿಗೆ ಸರಿಯಲ್ಲ ಎಂಬ ಭಾಗವನ್ನು ಫಾರ್ವರ್ಡ್ ಬಿಟ್ಟುಬಿಡುತ್ತದೆ. ಆ ಭಾಗ ಗೊತ್ತಿಲ್ಲದಿದ್ದರೆ ಎರಡು ಬಗೆಯ ನಷ್ಟ ಆಗಬಹುದು. ಗುಣವಾಗಬಹುದಾದ ಕ್ಯಾನ್ಸರ್ ಇರುವವರು ‘ಕತ್ತರಿ ಇಲ್ಲದ್ದೇ ಬೇಕು’ ಎಂದು ಕಾಯುತ್ತಾ ಕಾಲ ಕಳೆಯಬಹುದು. ಚಿಕಿತ್ಸೆಯೇ ಬೇಕಿಲ್ಲದವರು ಹೆದರಿ, ಜಮೀನು ಅಡವಿಟ್ಟು ಚಿಕಿತ್ಸೆ ಮಾಡಿಸಿಕೊಳ್ಳಬಹುದು.

ಒಂದೊಂದಾಗಿ ನೋಡೋಣ.

ಪ್ರಾಸ್ಟೇಟ್ ಎಂದರೇನು? ಅದಕ್ಕೆ ಆಪರೇಷನ್ ಎಂದರೆ ಯಾಕೆ ಭಯ?

ಗಂಡಸರಿಗೆ ಮಾತ್ರ ಇರುವ ಗ್ರಂಥಿ ಇದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿದೆ. ಗಾತ್ರ ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು. ವೀರ್ಯದ ದ್ರವದ ಒಂದು ಭಾಗ ಇಲ್ಲಿ ತಯಾರಾಗುತ್ತದೆ.

ತೊಂದರೆ ಇರುವುದು ಅದರ ಅಕ್ಕಪಕ್ಕದಲ್ಲಿ. ಮೂತ್ರವನ್ನು ಹಿಡಿದಿಡುವ ಸ್ನಾಯು ಅದಕ್ಕೆ ತಾಗಿಕೊಂಡಿದೆ. ನಿಮಿರುವಿಕೆಗೆ ಬೇಕಾದ ಸೂಕ್ಷ್ಮ ನರಗಳು ಅದರ ಎರಡೂ ಬದಿಯಲ್ಲಿ ಹಾದುಹೋಗುತ್ತವೆ. ಹಿಂದೆಯೇ ಗುದನಾಳ. ಹಾಗಾಗಿ ಇಡೀ ಗ್ರಂಥಿಯನ್ನು ತೆಗೆದಾಗ ಅಥವಾ ಅದಕ್ಕೆಲ್ಲ ವಿಕಿರಣ ಕೊಟ್ಟಾಗ ಇವಕ್ಕೂ ಸ್ವಲ್ಪ ಪೆಟ್ಟು ಬೀಳುವ ಸಾಧ್ಯತೆ ಇದೆ. ಮೂತ್ರ ಸೋರುವುದು, ಲೈಂಗಿಕ ಶಕ್ತಿ ಕುಗ್ಗುವುದು ಇವೇ ಗಂಡಸರು ಬಾಯಿಬಿಟ್ಟು ಹೇಳದ ಭಯಗಳು. ‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಫಾರ್ವರ್ಡ್ ಅಷ್ಟು ಬೇಗ ಹರಡುವುದು ಈ ಭಯದಿಂದಲೇ.

ಭಯ ಆಧಾರವಿಲ್ಲದ್ದೂ ಅಲ್ಲ. ಬ್ರಿಟನ್ನಿನ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಶೇ. 18ರಿಂದ 24ರಷ್ಟು ಜನ 7ರಿಂದ 12 ವರ್ಷಗಳ ನಂತರವೂ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದರು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 3ರಿಂದ 8.

ಗಡ್ಡೆ ಇರುವ ಜಾಗವನ್ನಷ್ಟೇ ಸುಡುವುದು ಹೇಗೆ?

ಚಿಕ್ಕವರಿದ್ದಾಗ ಭೂತಗನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿಗೆ ತಂದು ಕಾಗದ ಸುಟ್ಟಿದ್ದು ನೆನಪಿರಬಹುದು. ಹೈಫು ಎಂಬ ವಿಧಾನ ಹೆಚ್ಚುಕಡಿಮೆ ಹಾಗೇ ಕೆಲಸ ಮಾಡುತ್ತದೆ. ಬಿಸಿಲಿನ ಬದಲು ಇಲ್ಲಿ ಅಲ್ಟ್ರಾಸೌಂಡ್ ಅಲೆಗಳು. ಗುದದ್ವಾರದ ಮೂಲಕ ಒಂದು ಸಾಧನವನ್ನು ಒಳಗಿಟ್ಟು, ಅಲೆಗಳನ್ನು ಪ್ರಾಸ್ಟೇಟಿನ ಒಂದು ಸಣ್ಣ ಬಿಂದುವಿನಲ್ಲಿ ಸೇರಿಸುತ್ತಾರೆ. ಅಲ್ಲಿ ಮಾತ್ರ ಉಷ್ಣತೆ 60 ಡಿಗ್ರಿ ದಾಟಿ ಜೀವಕೋಶಗಳು ಸಾಯುತ್ತವೆ. ದಾರಿಯಲ್ಲಿರುವ ಭಾಗ ಅಷ್ಟು ಬಿಸಿಯಾಗುವುದಿಲ್ಲ. ಅಕ್ಕಿಕಾಳಿನಷ್ಟು ಜಾಗ ಸುಟ್ಟು, ಪಕ್ಕಕ್ಕೆ ಸರಿದು, ಮತ್ತೆ ಅಷ್ಟೇ ಜಾಗ. ಹೀಗೆ ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಅಂಚನ್ನೂ ಮುಗಿಸುತ್ತಾರೆ.

ಬೇರೆ ವಿಧಾನಗಳೂ ಇವೆ. ಕ್ರಯೋಥೆರಪಿಯಲ್ಲಿ ಸೂಜಿಗಳ ಮೂಲಕ ಗಡ್ಡೆಯನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಗಡ್ಡೆಯ ಸುತ್ತ ಸೂಜಿಗಳನ್ನಿಟ್ಟು, ಕ್ಷಣಾರ್ಧದ ವಿದ್ಯುತ್ ಮಿಡಿತಗಳಿಂದ ಜೀವಕೋಶಗಳ ಪೊರೆಯಲ್ಲಿ ರಂಧ್ರ ಮಾಡಿ ಸಾಯಿಸುತ್ತಾರೆ. ಲೇಸರ್ ಬಳಸುವವರೂ ಇದ್ದಾರೆ.

ಇಲ್ಲಿ ಎರಡು ವಿಷಯ ಗಮನಿಸಿ. ಹೊಟ್ಟೆ ಕೊಯ್ಯುವುದಿಲ್ಲ ಎನ್ನುವುದು ನಿಜ. ಆದರೆ ಅರಿವಳಿಕೆ ಬೇಕು, ಆಪರೇಷನ್ ಥಿಯೇಟರ್ ಬೇಕು, ಆಮೇಲೆ ಕೆಲವು ದಿನ ಮೂತ್ರಕ್ಕೆ ಕೊಳವೆ ಇರುತ್ತದೆ. ಅದೇ ದಿನ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ ಎನ್ನುವುದು ನಿಜ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ಇನ್ನೊಂದು ಗೊಂದಲ: ‘ರೋಬೋಟ್ ಆಪರೇಷನ್’ ಮತ್ತು ಫೋಕಲ್ ಥೆರಪಿ ಒಂದೇ ಎಂದು ಹಲವರು ತಿಳಿದಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಹೇಳುವ ರೋಬೋಟ್ ಆಪರೇಷನ್ನಿನಲ್ಲಿ ಸಣ್ಣ ತೂತುಗಳ ಮೂಲಕ ಇಡೀ ಪ್ರಾಸ್ಟೇಟನ್ನೇ ತೆಗೆಯುತ್ತಾರೆ. ಗಾಯ ಚಿಕ್ಕದು, ತೆಗೆಯುವುದು ಪೂರ್ತಿ.

ಒಂದು ಸಾಲು ಕಿತ್ತರೆ ಸಾಕೇ, ಇಡೀ ತೋಟ ಕೀಳಬೇಕೇ?

ಟೊಮ್ಯಾಟೊ ಬೆಳೆಯುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಒಂದು ಸಾಲಿಗೆ ಮಾತ್ರ ರೋಗ ಬಂದಿದ್ದರೆ ಆ ಸಾಲು ಕಿತ್ತು ಉಳಿದ ಬೆಳೆ ಉಳಿಸಿಕೊಳ್ಳಬಹುದು. ಆದರೆ ಮೊದಲು ಒಂದು ಗ್ಯಾರಂಟಿ ಬೇಕು: ರೋಗ ಆ ಒಂದೇ ಸಾಲಿನಲ್ಲಿ ಇದೆಯೇ?

ಪ್ರಾಸ್ಟೇಟ್ ಕ್ಯಾನ್ಸರಿನ ತೊಡಕು ಇದೇ. ಹೆಚ್ಚಿನವರಲ್ಲಿ ಅದು ಗ್ರಂಥಿಯೊಳಗೆ ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ. ಫೋಕಲ್ ಥೆರಪಿಯನ್ನು ಬೆಂಬಲಿಸುವ ವೈದ್ಯರು ಹೇಳುವುದು ಹೀಗೆ: ಹಲವು ಚುಕ್ಕೆಗಳಿದ್ದರೂ ಸಾಮಾನ್ಯವಾಗಿ ಒಂದು ದೊಡ್ಡ ಗಡ್ಡೆಯೇ ಮುಂದೆ ಅಪಾಯ ತರುವುದು, ಅದನ್ನು ಮುಗಿಸಿದರೆ ಸಣ್ಣಪುಟ್ಟವನ್ನು ಗಮನಿಸುತ್ತಾ ಇರಬಹುದು. ವಾದದಲ್ಲಿ ಹುರುಳಿದೆ. ಸ್ತನ ಕ್ಯಾನ್ಸರ್‌ನಲ್ಲೂ ಹಿಂದೆ ಇಡೀ ಸ್ತನ ತೆಗೆಯುತ್ತಿದ್ದರು. ಗಡ್ಡೆ ಮಾತ್ರ ತೆಗೆದು ವಿಕಿರಣ ಕೊಟ್ಟರೂ ಹಲವರಿಗೆ ಅಷ್ಟೇ ಆಯಸ್ಸು ಸಿಗುತ್ತದೆ ಎಂದು 20 ವರ್ಷ ಕಾದು ನೋಡಿದ ಅಧ್ಯಯನಗಳು 2002ರಲ್ಲಿ ಖಚಿತಪಡಿಸಿದವು. ಪ್ರಾಸ್ಟೇಟಿನ ವಿಷಯದಲ್ಲಿ ಆ 20 ವರ್ಷದ ಹೋಲಿಕೆ ಇನ್ನೂ ಆಗಿಲ್ಲ.

ಹಾಗಿದ್ದರೆ ಗೊತ್ತಿರುವುದೇನು? ಬ್ರಿಟನ್ನಿನಲ್ಲಿ 2005ರಿಂದ 2020ರವರೆಗೆ ಹೈಫು ಫೋಕಲ್ ಚಿಕಿತ್ಸೆ ಪಡೆದ 1,379 ಗಂಡಸರ ದಾಖಲೆ ಪ್ರಕಟವಾಗಿದೆ. ಏಳು ವರ್ಷಗಳ ಲೆಕ್ಕದಲ್ಲಿ ಶೇ. 69ರಷ್ಟು ಜನ ಚಿಕಿತ್ಸೆ ವಿಫಲವಾಗದೆ ಉಳಿದರು. ಒಟ್ಟು 252 ಜನರಿಗೆ ಅದೇ ಬಗೆಯ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಬೇಕಾಯಿತು, ಅಂದರೆ ಹೆಚ್ಚುಕಡಿಮೆ ಐದಾರು ಜನರಲ್ಲಿ ಒಬ್ಬರಿಗೆ. ಗಂಭೀರ ತೊಡಕುಗಳು ಬಹಳ ಕಡಿಮೆ ಇದ್ದವು. ಇದಕ್ಕೂ ಮುಂಚೆ 625 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ಶೇ. 98ರಷ್ಟು ಜನರಿಗೆ ಪ್ಯಾಡ್ ಬೇಕಾಗಿರಲಿಲ್ಲ.

ಮೂತ್ರದ ಹಿಡಿತ ಉಳಿಯುವ ವಿಷಯದಲ್ಲಿ ಇದು ಒಳ್ಳೆಯ ಫಲಿತಾಂಶವೇ. ಲೈಂಗಿಕ ಶಕ್ತಿಯೂ ಇಡೀ ಗ್ರಂಥಿ ತೆಗೆದವರಿಗಿಂತ ಹೆಚ್ಚು ಜನರಲ್ಲಿ ಉಳಿಯುತ್ತದೆ, ಎಲ್ಲರಲ್ಲೂ ಅಲ್ಲ. ಆದರೆ ‘ಒಂದೇ ದಿನದಲ್ಲಿ ಮಾಯ’ ಎಂಬ ಮಾತಿಗೆ ಈ ಅಂಕಿಗಳು ಹೊಂದುವುದಿಲ್ಲ. ಉಳಿದ ಗ್ರಂಥಿ ಒಳಗೇ ಇರುವುದರಿಂದ ಅದರಲ್ಲಿ ಮತ್ತೆ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಅದಕ್ಕೇ ಚಿಕಿತ್ಸೆಯ ನಂತರ ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಮೇಲೆ ಎಂಆರ್‌ಐ, ಸುಮಾರು ಒಂದು ವರ್ಷಕ್ಕೆ ಮತ್ತೆ ಬಯಾಪ್ಸಿ, ಹೀಗೆ ವರ್ಷಗಟ್ಟಲೆ ತಪಾಸಣೆ ಇರುತ್ತದೆ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಈ ಚಿಕಿತ್ಸೆಯನ್ನು ಅಧ್ಯಯನದ ಅಥವಾ ದಾಖಲಾತಿಯ ಚೌಕಟ್ಟಿನೊಳಗೆ ಮಾಡುವುದೇ ಸರಿ ಎನ್ನುತ್ತದೆ.

ಹಾಗಾದರೆ ಇದು ಯಾರಿಗೆ ಸರಿಹೋಗುತ್ತದೆ?

ಸಾಮಾನ್ಯವಾಗಿ ಈ ಎಲ್ಲವೂ ಕೂಡಿಬಂದವರಿಗೆ:

• ಕ್ಯಾನ್ಸರ್ ಪ್ರಾಸ್ಟೇಟಿನ ಒಳಗೇ ಇದೆ, ಹೊರಗೆ ಹರಡಿಲ್ಲ.
• ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಾಣುವ ಒಂದೇ ಮುಖ್ಯ ಗಡ್ಡೆ ಇದೆ, ಬಯಾಪ್ಸಿ ಕೂಡ ಅಲ್ಲೇ ಕ್ಯಾನ್ಸರ್ ಇದೆ ಎಂದಿದೆ.
• ದರ್ಜೆ ಮಧ್ಯಮ. ಹೆಚ್ಚಾಗಿ ರಿಪೋರ್ಟಿನಲ್ಲಿ ‘ಗ್ಲೀಸನ್ 3+4’ ಅಥವಾ ‘ಗ್ರೇಡ್ ಗ್ರೂಪ್ 2’ ಎಂದಿರುತ್ತದೆ.
• ಮುಂದೆ ವರ್ಷಗಟ್ಟಲೆ ತಪಾಸಣೆಗೆ ಬರಲು ರೋಗಿ ಸಿದ್ಧರಿದ್ದಾರೆ.

ಹರಡಿದ ಕ್ಯಾನ್ಸರಿಗೆ, ಗ್ರಂಥಿಯ ತುಂಬಾ ಇರುವ ಕ್ಯಾನ್ಸರಿಗೆ, ಗ್ಲೀಸನ್ 8, 9, 10ರಂಥ ಉಗ್ರ ದರ್ಜೆಗೆ ಇದು ಚಿಕಿತ್ಸೆ ಅಲ್ಲ. ಅಂಥವರು ಇದನ್ನೇ ಹುಡುಕುತ್ತಾ ಆರು ತಿಂಗಳು ಕಳೆದರೆ, ನಿಜವಾಗಿ ಕೆಲಸ ಮಾಡುವ ಚಿಕಿತ್ಸೆಗೆ ಅಷ್ಟು ತಡವಾಗುತ್ತದೆ.

ನಮ್ಮ ಕಡೆ ಈ ಮಾತಿಗೆ ಹೆಚ್ಚು ತೂಕವಿದೆ. ಭಾರತದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗುವಾಗಲೇ ಮುಂದುವರಿದ ಹಂತದಲ್ಲಿರುವವರ ಪಾಲು ಅಮೆರಿಕ, ಯುರೋಪಿಗಿಂತ ಬಹಳ ದೊಡ್ಡದು. ಅಂದರೆ ಫಾರ್ವರ್ಡ್ ಹೇಳುವ ಚಿಕಿತ್ಸೆ, ಅದನ್ನು ಓದಿ ಆಸೆಪಡುವ ಹಲವರಿಗೆ ಹೊಂದುವುದೇ ಇಲ್ಲ. ಹಾಗೆಂದು ಅವರಿಗೆ ದಾರಿ ಮುಚ್ಚಿತು ಎಂದಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಗಂಡಸರ ಹಾರ್ಮೋನನ್ನು ನಂಬಿ ಬೆಳೆಯುತ್ತದೆ ಎಂದು ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಸಿಕ್ಕಿತು. ಆ ಹಾರ್ಮೋನನ್ನು ತಡೆಯುವ ಚಿಕಿತ್ಸೆಯಿಂದ, ಹರಡಿದ ಕ್ಯಾನ್ಸರ್ ಇದ್ದವರೂ ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ.

ಏನೂ ಮಾಡದೆ ನಿಗಾ ಇಡುವುದೂ ಚಿಕಿತ್ಸೆಯೇ?

ಕ್ಯಾನ್ಸರ್ ಎಂದ ಕೂಡಲೇ ‘ಇವತ್ತೇ ತೆಗೆಸಿ’ ಎನ್ನುವುದು ನಮ್ಮ ಮನೆಗಳ ಸಹಜ ಮಾತು. ಪ್ರಾಸ್ಟೇಟಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ಬೇರೆ ಕಾರಣಕ್ಕೆ ತೀರಿಕೊಂಡ ವೃದ್ಧರ ಶವಪರೀಕ್ಷೆ ಮಾಡಿದಾಗ, 80 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಕಣಗಳು ಸಿಕ್ಕಿವೆ. ಅದು ಅವರಿಗೆ ಗೊತ್ತೂ ಇರಲಿಲ್ಲ, ತೊಂದರೆ ಕೊಟ್ಟೂ ಇರಲಿಲ್ಲ.

ಗ್ಲೀಸನ್ 3+3, ಅಂದರೆ ಗ್ರೇಡ್ ಗ್ರೂಪ್ 1 ಎಂಬ ದರ್ಜೆಯ ಕ್ಯಾನ್ಸರ್ ಗ್ರಂಥಿ ಬಿಟ್ಟು ಹೊರಗೆ ಹರಡುವುದು ಅತಿ ಅಪರೂಪ. ಇಂಥವರಿಗೆ ಹೆಚ್ಚಾಗಿ ಸಲಹೆ ಮಾಡುವುದು ಸಕ್ರಿಯ ನಿಗಾ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಬೇಕಾದಾಗ ಎಂಆರ್‌ಐ ಮತ್ತು ಬಯಾಪ್ಸಿ. ಕ್ಯಾನ್ಸರ್ ಬಣ್ಣ ಬದಲಿಸಿದರೆ ಆಗ ಚಿಕಿತ್ಸೆ.

ಇದು ಕೈಕಟ್ಟಿ ಕೂರುವುದಲ್ಲವೇ ಎಂದು ಕೇಳಬಹುದು. ಮೊದಲು ಹೇಳಿದ ಪ್ರೊಟೆಕ್ಟ್ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಆಪರೇಷನ್, ಒಂದಕ್ಕೆ ವಿಕಿರಣ, ಒಂದಕ್ಕೆ ನಿಗಾ. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಆಪರೇಷನ್ ಗುಂಪಿನಲ್ಲಿ ಶೇ. 2.2, ವಿಕಿರಣದ ಗುಂಪಿನಲ್ಲಿ ಶೇ. 2.9, ನಿಗಾ ಗುಂಪಿನಲ್ಲಿ ಶೇ. 3.1. ಅಂದರೆ ಯಾವ ದಾರಿ ಹಿಡಿದರೂ ನೂರಕ್ಕೆ ಸುಮಾರು 97 ಜನ 15 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸಾಯಲಿಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಮರೆಯಬಾರದು. ಕ್ಯಾನ್ಸರ್ ಬೇರೆ ಕಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ. 9.4, ಆಪರೇಷನ್ ಗುಂಪಿನಲ್ಲಿ ಶೇ. 4.7, ವಿಕಿರಣದ ಗುಂಪಿನಲ್ಲಿ ಶೇ. 5. ನಿಗಾ ಗುಂಪಿನ ಸುಮಾರು ಶೇ. 61ರಷ್ಟು ಜನ ಆ 15 ವರ್ಷಗಳಲ್ಲಿ ಕೊನೆಗೂ ಆಪರೇಷನ್ ಅಥವಾ ವಿಕಿರಣ ಪಡೆದರು. ನಿಗಾ ಎಂದರೆ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯುವುದು ಎಂದಲ್ಲ. ತಾರೀಕು ತಪ್ಪದೆ ಹೋಗುವವರಿಗೆ ಮಾತ್ರ ಅದು ಸುರಕ್ಷಿತ.

ಈ ಅಂಕಿಗಳು ರೋಗಿಗೆ ಒಂದು ಸಮಾಧಾನವನ್ನೂ ಕೊಡುತ್ತವೆ: ಆರಂಭಿಕ ಹಂತದಲ್ಲಿ ಯೋಚಿಸಲು ಸಮಯ ಇರುತ್ತದೆ. ‘ಈ ವಾರವೇ ದುಡ್ಡು ಕಟ್ಟಿ, ಇಲ್ಲದಿದ್ದರೆ ಕೈಮೀರುತ್ತದೆ’ ಎಂದು ಫೋನಿನಲ್ಲಿ ಅವಸರ ಮಾಡುವವರನ್ನು ನಂಬಬೇಡಿ. ಕೆಲವು ವಾರ ತೆಗೆದುಕೊಂಡು ಇಬ್ಬರು ತಜ್ಞರನ್ನು ಕೇಳಬಹುದು.

ಕತ್ತರಿ ಇಲ್ಲದ ಇನ್ನೊಂದು ಚಿಕಿತ್ಸೆ: ಫಾರ್ವರ್ಡ್ ಹೇಳದ್ದು

ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲೂ ಕತ್ತರಿ ಇಲ್ಲ. ಇಲ್ಲಿ ಇಡೀ ಪ್ರಾಸ್ಟೇಟಿಗೆ ಚಿಕಿತ್ಸೆ ಆಗುತ್ತದೆ, ಮತ್ತು ಇದರ ಹಿಂದೆ ದಶಕಗಳ ಪುರಾವೆ ಇದೆ.

ಮೊದಲು ಇದಕ್ಕೆ ಒಂದೂವರೆ, ಎರಡು ತಿಂಗಳು ವಾರಕ್ಕೆ ಐದು ದಿನ ಓಡಾಡಬೇಕಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಈ ಊರುಗಳಿಂದ ಬೆಂಗಳೂರು 60ರಿಂದ 80 ಕಿಲೋಮೀಟರ್. ದಿನವೂ ಬಸ್ಸೋ ರೈಲೋ ಹಿಡಿದು ಹೋಗಿಬರುವುದು, ಇಲ್ಲವೇ ಅಲ್ಲೇ ರೂಮು ಮಾಡುವುದು, ಜೊತೆಗೆ ಮನೆಯವರೊಬ್ಬರ ಕೂಲಿಯೂ ಹೋಗುವುದು. ಇದೇ ಕಾರಣಕ್ಕೆ ಚಿಕಿತ್ಸೆ ಅರ್ಧಕ್ಕೆ ಬಿಡುವವರಿದ್ದಾರೆ. 2024ರಲ್ಲಿ ಪ್ರಕಟವಾದ ಪೇಸ್-ಬಿ ಎಂಬ ಅಧ್ಯಯನ ಈ ಲೆಕ್ಕವನ್ನು ಬದಲಿಸಿತು. ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರಿನ 874 ಗಂಡಸರಲ್ಲಿ ಕೆಲವರಿಗೆ ಕೇವಲ 5 ಸಲ, ಉಳಿದವರಿಗೆ 20 ಅಥವಾ 39 ಸಲ ವಿಕಿರಣ ಕೊಟ್ಟರು. ಐದು ವರ್ಷಗಳ ನಂತರ ಕ್ಯಾನ್ಸರ್ ಮರುಕಳಿಸದೆ ಉಳಿದವರು 5 ಸಲದ ಗುಂಪಿನಲ್ಲಿ ಶೇ. 95.8, ಇನ್ನೊಂದರಲ್ಲಿ ಶೇ. 94.6. ಅಂದರೆ ಐದೇ ಸಲದ ಚಿಕಿತ್ಸೆ ಕಡಿಮೆಯೇನಲ್ಲ. ಇದಕ್ಕೆ ಗುರಿ ತಪ್ಪದ ಯಂತ್ರ ಬೇಕು, ಮತ್ತು ಮೂತ್ರ ಉರಿ, ಪದೇಪದೇ ಹೋಗುವ ತೊಂದರೆ ಕೆಲವರಿಗೆ ಸ್ವಲ್ಪ ಹೆಚ್ಚು. ಆದರೆ ‘ಕತ್ತರಿ ಬೇಡ’ ಎನ್ನುವವರು ಫೋಕಲ್ ಥೆರಪಿ ಬಗ್ಗೆ ಕೇಳುವಾಗ ಇದನ್ನೂ ಜೊತೆಗೇ ಕೇಳಬೇಕು.

ಪಿಎಸ್‌ಎ ಹೆಚ್ಚು ಬಂದಿದೆ. ಮುಂದೇನು?

ಎಲ್ಲ ಶುರುವಾಗುವುದು ಪಿಎಸ್‌ಎ ಎಂಬ ರಕ್ತಪರೀಕ್ಷೆಯಿಂದ. ಶಿಡ್ಲಘಟ್ಟದ 62 ವರ್ಷದ ರೀಲರ್ ಒಬ್ಬರಿಗೆ ಪಿಎಸ್‌ಎ 6.8 ಬಂತು ಎಂದುಕೊಳ್ಳಿ. ಲ್ಯಾಬಿನ ಕಾಗದದಲ್ಲಿ 4ಕ್ಕಿಂತ ಹೆಚ್ಚಾದರೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಮನೆಯವರಿಗೆ ಎದೆ ಧಸಕ್ ಎನ್ನುತ್ತದೆ.

ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ಕ್ಯಾನ್ಸರ್ ಇದ್ದರೂ ಏರುತ್ತದೆ. ವಯಸ್ಸಿಗೆ ಗ್ರಂಥಿ ದಪ್ಪವಾದರೂ, ಮೂತ್ರದ ಸೋಂಕಾದರೂ, ಕೊಳವೆ ಹಾಕಿದ್ದರೂ ಏರುತ್ತದೆ. 4ರಿಂದ 10ರ ನಡುವೆ ಬಂದವರಲ್ಲಿ ಬಯಾಪ್ಸಿ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗಷ್ಟೇ ಕ್ಯಾನ್ಸರ್ ಸಿಗುತ್ತದೆ. ಹಾಗೆಯೇ 4ಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ.

ಸರಿಯಾದ ಕ್ರಮ ಹೀಗಿದೆ:

1. ಮತ್ತೊಮ್ಮೆ ಪಿಎಸ್‌ಎ. ಸೋಂಕು ಇದ್ದರೆ ಅದು ವಾಸಿಯಾಗಿ ಸುಮಾರು ಆರು ವಾರ ಕಳೆಯಲಿ. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸೈಕಲ್ ತುಳಿಯುವುದು, ವೀರ್ಯಸ್ಖಲನ ಬೇಡ. ಡುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಈ ಮಾತ್ರೆಗಳು ಕೆಲವು ತಿಂಗಳಲ್ಲಿ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತವೆ. ಕಾಗದದಲ್ಲಿ 3 ಎಂದಿದ್ದರೆ ಅದನ್ನು 6 ಎಂದು ಓದಬೇಕು.

2. ವೈದ್ಯರ ಕೈಪರೀಕ್ಷೆ. ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿ ಗಟ್ಟಿಯಾಗಿದೆಯೇ ನೋಡುತ್ತಾರೆ. ನಾಚಿಕೆಯಿಂದ ಹಲವರು ಬೇಡ ಎನ್ನುತ್ತಾರೆ. ಅರ್ಧ ನಿಮಿಷದ ಕೆಲಸ.

3. ಬಯಾಪ್ಸಿಗೆ ಮುಂಚೆ ಎಂಆರ್‌ಐ. 576 ಗಂಡಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ, ಅಪಾಯಕಾರಿ ಕ್ಯಾನ್ಸರುಗಳಲ್ಲಿ ಶೇ. 93ನ್ನು ಎಂಆರ್‌ಐ ಗುರುತಿಸಿತು. ಹಳೆಯ ರೀತಿಯ ಬಯಾಪ್ಸಿ ಹಿಡಿದದ್ದು ಶೇ. 48 ಮಾತ್ರ. ಎಂಆರ್‌ಐ ಸರಿಯಾಗಿ ಕಂಡರೆ ಕೆಲವರಿಗೆ ಬಯಾಪ್ಸಿಯೇ ತಪ್ಪಬಹುದು. ಬಯಾಪ್ಸಿ ಆದಮೇಲೆ ಎಂಆರ್‌ಐ ಮಾಡಿದರೆ ಒಳಗಿನ ರಕ್ತದ ಕಲೆಯಿಂದ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಕ್ರಮ ಮುಖ್ಯ.

4. ಬಯಾಪ್ಸಿ. ಅನುಮಾನದ ಜಾಗದಿಂದ ಸೂಜಿಯಲ್ಲಿ ಚೂರು ತೆಗೆದು ದರ್ಜೆ ತಿಳಿಯುತ್ತಾರೆ.

5. ಅಪಾಯದ ಮಟ್ಟ ನೋಡಿ, ಹರಡಿದೆಯೇ ಎಂದು ತಿಳಿಯುವ ಸ್ಕ್ಯಾನ್. ಎಲ್ಲರಿಗೂ ಇದು ಬೇಕಾಗುವುದಿಲ್ಲ.

ಈ ಐದು ಹಂತ ದಾಟದೆ ‘ನಿಮಗೆ ಫೋಕಲ್ ಥೆರಪಿ ಆಗುತ್ತದೆ’ ಎಂದು ಯಾರೂ ಹೇಳಲು ಸಾಧ್ಯವಿಲ್ಲ. ಪಿಎಸ್‌ಎ ಕಾಗದದ ಫೋಟೋ ನೋಡಿ ಫೋನಿನಲ್ಲೇ ಚಿಕಿತ್ಸೆ ನಿರ್ಧರಿಸುವವರು ನಿಮ್ಮ ಕ್ಯಾನ್ಸರನ್ನು ನೋಡಿಲ್ಲ ಎಂದೇ ಅರ್ಥ.

ಜೊತೆಗೆ ಓಡಾಡುವ ಮೂರು ತಪ್ಪು ಮಾತುಗಳು

*‘ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ.’* ಪ್ರಾಸ್ಟೇಟ್ ಬಯಾಪ್ಸಿಯಿಂದ ಹೀಗಾಗುವುದು ಅತಿ ಅಪರೂಪ. ನಿಜವಾದ ಅಪಾಯ ಸೋಂಕು ಮತ್ತು ಕೆಲವು ದಿನ ಮೂತ್ರದಲ್ಲೋ ವೀರ್ಯದಲ್ಲೋ ರಕ್ತ. ಬಯಾಪ್ಸಿ ನಂತರ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

*‘ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದೇ ಕ್ಯಾನ್ಸರ್ ಲಕ್ಷಣ.’* ಹೆಚ್ಚಾಗಿ ಅದು ವಯಸ್ಸಿಗೆ ಗ್ರಂಥಿ ದಪ್ಪವಾದದ್ದು, ಅಥವಾ ಸಕ್ಕರೆ ಕಾಯಿಲೆ. ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮೂತ್ರದಲ್ಲಿ ರಕ್ತ, ಬಿಡದ ಬೆನ್ನು ಅಥವಾ ಸೊಂಟದ ಮೂಳೆ ನೋವು ಇದ್ದರೆ ಕೂಡಲೇ ತೋರಿಸಿ. ಕಾಲಿನ ಶಕ್ತಿ ಒಮ್ಮೆಲೇ ಕುಂದಿದರೆ ಅದು ತುರ್ತು.

*‘ಮೊದಲು ಕಷಾಯ, ಬೇರು ನೋಡೋಣ, ಆಮೇಲೆ ಆಸ್ಪತ್ರೆ.’* ಪ್ರಾಸ್ಟೇಟ್ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಸಾಬೀತಾದ ಕಷಾಯ, ಬೇರು, ಪುಡಿ ಯಾವುದೂ ಇಲ್ಲ. ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಇದ್ದವರು ಏನು ಕುಡಿದರೂ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತಾರೆ. ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯವರು ಎಲ್ಲಿಗೆ ಹೋಗಬಹುದು?

ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿನ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಆದರೆ 30 ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಇರುವ ಕ್ಯಾನ್ಸರುಗಳು ಬಾಯಿ, ಸ್ತನ, ಗರ್ಭಕಂಠ, ಈ ಮೂರೇ. ಪ್ರಾಸ್ಟೇಟ್ ಅದರಲ್ಲಿಲ್ಲ. ಆದ್ದರಿಂದ ನಾವೇ ಕೇಳಬೇಕು. 50 ದಾಟಿದವರು ಪಿಎಸ್‌ಎ ಮಾಡಿಸಬೇಕೇ ಎಂದು ವೈದ್ಯರ ಜೊತೆ ಮಾತಾಡಬಹುದು. ತಂದೆಗೋ ಅಣ್ಣ ತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಂಥವರು 45ಕ್ಕೇ ಕೇಳುವುದು ಒಳ್ಳೆಯದು.

ಮೊದಲ ಹೆಜ್ಜೆ ತಾಲ್ಲೂಕು ಆಸ್ಪತ್ರೆ ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ. ಮುಂದಿನ ಹಂತಕ್ಕೆ ಬೆಂಗಳೂರಿನಲ್ಲಿ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಮತ್ತು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇವೆ. ಚಿಂತಾಮಣಿ ಕಡೆಯವರಿಗೆ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಹತ್ತಿರ.

ಹೋಗುವ ಮುಂಚೆ ರೆಫರಲ್ ಪತ್ರ ಮರೆಯಬೇಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ ಸೇರಿದರೆ ತುರ್ತು ಅಲ್ಲದ ಚಿಕಿತ್ಸೆಗೆ ಈ ಲಾಭ ಕೈತಪ್ಪಬಹುದು. ಯಾವ ಚಿಕಿತ್ಸೆ ಯೋಜನೆಯೊಳಗಿದೆ, ಯಾವುದಕ್ಕೆ ಕೈಯಿಂದ ಕಟ್ಟಬೇಕು ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿಕೊಳ್ಳಿ.

ವೈದ್ಯರನ್ನು ಕೇಳಬೇಕಾದ ಆರು ಪ್ರಶ್ನೆ

ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಅಪ್ಪನ ಜೊತೆ ಮಗನೋ ಮಗಳೋ ಹೋದರೆ ಇನ್ನೂ ಒಳ್ಳೆಯದು.

1. ನನ್ನ ಗ್ಲೀಸನ್ ಎಷ್ಟು? ಗ್ರೇಡ್ ಗ್ರೂಪ್ ಎಷ್ಟು?
2. ಗಡ್ಡೆ ಒಂದೇ ಕಡೆ ಇದೆಯೇ, ಹಲವು ಕಡೆಯೇ?
3. ನಿಗಾ ಇಟ್ಟರೆ ಸಾಕೇ? ಇಲ್ಲದಿದ್ದರೆ ಯಾಕೆ?
4. ನನಗೆ ಆಪರೇಷನ್, ವಿಕಿರಣ, ಫೋಕಲ್ ಥೆರಪಿ, ಈ ಮೂರರಲ್ಲಿ ಯಾವುವು ಹೊಂದುತ್ತವೆ?
5. ಫೋಕಲ್ ಥೆರಪಿ ಆದರೆ, ನೀವು ಇದುವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ? ಮತ್ತೆ ಕ್ಯಾನ್ಸರ್ ಬಂದರೆ ಮುಂದಿನ ದಾರಿ ಏನು?
6. ಚಿಕಿತ್ಸೆಯ ಖರ್ಚು ಬಿಟ್ಟು, ಮುಂದಿನ ಐದು ವರ್ಷದ ತಪಾಸಣೆಗೆ ಎಷ್ಟಾಗುತ್ತದೆ?

ಕೊನೆಯ ಪ್ರಶ್ನೆ ಮುಖ್ಯ. ಫೋಕಲ್ ಥೆರಪಿಯ ಬಿಲ್ಲು ಕಟ್ಟಿ, ಆಮೇಲಿನ ಎಂಆರ್‌ಐ ಮತ್ತು ಬಯಾಪ್ಸಿಗೆ ದುಡ್ಡಿಲ್ಲದೆ ಬಿಟ್ಟರೆ, ಉಳಿದ ಗ್ರಂಥಿಯಲ್ಲಿ ಏನಾಗುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ತೀರ್ಮಾನ: ಅರ್ಧ ಸತ್ಯ

ಆ ಫಾರ್ವರ್ಡ್ ನಿಮಗೂ ಬಂದಿದ್ದರೆ, ಅದೇ ಗುಂಪಿಗೆ ಇದನ್ನು ಕಳಿಸಿ:

*ಪ್ರಾಸ್ಟೇಟ್ ಕ್ಯಾನ್ಸರಿಗೆ ಗಡ್ಡೆಯನ್ನಷ್ಟೇ ಸುಡುವ ಚಿಕಿತ್ಸೆ ಇರುವುದು ನಿಜ. ಅದು ಆರಂಭಿಕ ಹಂತದ, ಒಂದೇ ಕಡೆ ಇರುವ, ಮಧ್ಯಮ ದರ್ಜೆಯ ಕ್ಯಾನ್ಸರಿಗೆ ಮಾತ್ರ. ಕೆಲವರಿಗೆ ಮತ್ತೆ ಮಾಡಬೇಕಾಗುತ್ತದೆ, ತಪಾಸಣೆ ವರ್ಷಗಟ್ಟಲೆ ಇರುತ್ತದೆ. ಸೌಮ್ಯ ಕ್ಯಾನ್ಸರಿಗೆ ನಿಗಾ ಸಾಕಾಗಬಹುದು. ಹರಡಿದ್ದಕ್ಕೆ ಬೇರೆ ಚಿಕಿತ್ಸೆ ಬೇಕು. ಪಿಎಸ್‌ಎ ಹೆಚ್ಚು ಬಂದರೆ ಹೆದರಬೇಡಿ, ಸುಮ್ಮನೂ ಕೂರಬೇಡಿ. ಯೂರಾಲಜಿ ವೈದ್ಯರನ್ನು ಕಾಣಿ, ಬಯಾಪ್ಸಿಗೆ ಮುಂಚೆ ಎಂಆರ್‌ಐ ಬಗ್ಗೆ ಕೇಳಿ, ಗ್ಲೀಸನ್ ಎಷ್ಟು ಎಂದು ತಿಳಿದುಕೊಳ್ಳಿ. ಆಮೇಲೆ ಚಿಕಿತ್ಸೆಯ ಮಾತು.*